ಉಪ್ಪುನೀರಿನಲ್ಲಿ ಒಂದು ದಾಳ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಟದ ಸಾಮಾನಿನ ಅಂಗಡಿಯ ಷಟರ್ ಅರ್ಧಕ್ಕೆ ಎತ್ತಿದೆ. ತಲೆ ಬಗ್ಗಿಸಿ ಒಳಗೆ ಹೋದರೆ ಎರಡೂ ಬದಿ ಸೂರಿನವರೆಗೆ ಪೆಟ್ಟಿಗೆಗಳು, ಅವುಗಳ ಹಿಂದೆ ಒಂದು ಕೋಣೆ, ಕೋಣೆಯ ಮೂಲೆಯಲ್ಲೊಂದು ಬೇಸಿನ್. ಅದರ ಪಕ್ಕ ಐವತ್ತು ದಾಟಿದ ಹೆಂಗಸೊಬ್ಬರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಗಾಜಿನ ಲೋಟದೊಳಗೆ ಕಣ್ಣು ನೆಟ್ಟು ನಿಂತಿದ್ದಾರೆ. ಲೋಟದ ನೀರಿಗೆ ಚಮಚಗಟ್ಟಲೆ ಉಪ್ಪು ಸುರಿದು ಕದಡಿದ್ದಾರೆ. ಅದರಲ್ಲಿ ಇಪ್ಪತ್ತು ಮುಖದ ಹಸಿರು ದಾಳವೊಂದು ತೇಲುತ್ತಿದೆ.

ಬೆರಳ ತುದಿಯಿಂದ ಅದನ್ನು ಒತ್ತಿ ಮುಳುಗಿಸಿ ಬಿಡುತ್ತಾರೆ. ಮೇಲೆದ್ದಾಗ ನಾಲ್ಕು. ಮತ್ತೆ ಮುಳುಗಿಸುತ್ತಾರೆ. ಹದಿಮೂರು. ಮತ್ತೆ. ಏಳು. ಒಳಗೆ ಒಂದು ಬದಿಗೆ ಭಾರ ತುಂಬಿಸಿದ ದಾಳವಾಗಿದ್ದರೆ ಪ್ರತಿ ಸಲವೂ ಒಂದೇ ಮುಖ ಮೇಲೆ ಬರಬೇಕು. ಬರುತ್ತಿಲ್ಲ. ಇದರಿಂದ ಸಮಾಧಾನವಾಗಬೇಕಿತ್ತು. ಆದರೆ ಅವರ ಹುಬ್ಬು ಇನ್ನಷ್ಟು ಗಂಟಿಕ್ಕುತ್ತದೆ.

"ಮೋಸ ದಾಳದಲ್ಲಿ ಇಲ್ಲ ಅಂದ್ರೆ ಕೈಯಲ್ಲಿದೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ದಾಳವನ್ನು ಸೆರಗಿಗೆ ಒರೆಸುತ್ತಾರೆ.

ಅಂಗಡಿಗೆ ಬರುವವರೆಲ್ಲ ಇವರನ್ನು ಕರೆಯುವುದು ಮಾಸ್ಟರಮ್ಮ ಎಂದು. ಇವರು ನಡೆಸುವ ಆಟಕ್ಕೆ ಹಲಗೆ ಬೇಡ, ಕಾಯಿ ಬೇಡ. ಮೇಜಿನ ಒಂದು ತುದಿಯಲ್ಲಿ ಕೂತು ಇವರು ಕಥೆ ಹೇಳುತ್ತಾರೆ. ಸುತ್ತ ಕೂತವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ, ಮುಂದೇನು ಮಾಡುತ್ತೇವೆಂದು ತಾವೇ ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ದೊಡ್ಡ ಸಂಖ್ಯೆ ಬಿದ್ದರೆ ಗೆದ್ದಂತೆ. ಇಂಥ ಆಟ ನಡೆಸುವವರಿಗೆ ಗೇಮ್ ಮಾಸ್ಟರ್ ಎಂದು ಹೆಸರು. ಹೆಂಗಸಾದ್ದರಿಂದ ಕೊನೆಗೊಂದು ಅಮ್ಮ ಸೇರಿಕೊಂಡಿದೆ. ಕಥೆ ಹೇಳುವುದು ಈ ಕೆಲಸದ ಅರ್ಧ ಮಾತ್ರ. ಉಳಿದರ್ಧ, ಮೇಜಿನ ಸುತ್ತ ಕೂತವರು ಒಬ್ಬರ ಮೇಲೊಬ್ಬರು ಎಗರದಂತೆ ನೋಡಿಕೊಳ್ಳುವುದು.

ಭಾನುವಾರ ಬೆಳಗಿನ ಮೇಜು ರಾತ್ರಿಪಾಳಿಯವರದು. ಊರು ಏಳುವ ಹೊತ್ತಿಗೆ ಇವರ ಕೆಲಸ ಮುಗಿದಿರುತ್ತದೆ. ಟ್ಯಾಕ್ಸಿ ಓಡಿಸುವವರು ಯೋಧ. ಎಲ್ಲರಿಗೂ ಅಪ್ಪಣೆ ಕೊಡುತ್ತಾರೆಂದು ಅವರಿಗೆ ಕ್ಯಾಪ್ಟನ್ ಎಂದು ಅಡ್ಡಹೆಸರು. ಬೇಕರಿಯಲ್ಲಿ ಹಿಟ್ಟು ನಾದುವವರು ಮಾಂತ್ರಿಕ. ವಸತಿ ಕಟ್ಟಡವೊಂದರ ಕಾವಲುಗಾರರದು ಕಳ್ಳನ ಪಾತ್ರ. ರಾತ್ರಿಯಿಡೀ ಕಳ್ಳರನ್ನು ಕಾದು, ಬೆಳಗಾಗುತ್ತಲೇ ತಾವೇ ಬೀಗ ಮುರಿಯುತ್ತಾರೆ. ಆಸ್ಪತ್ರೆಯ ನರ್ಸ್, ಎಲ್ಲರ ಬಾಯಲ್ಲಿ ಸಿಸ್ಟರ್, ಗಾಯ ವಾಸಿ ಮಾಡುವ ವೈದ್ಯೆ.

ಕೆಲವು ವಾರಗಳಿಂದ ಕಾವಲುಗಾರರ ಕೈಗೆ ಬರೀ ದೊಡ್ಡ ಸಂಖ್ಯೆಗಳೇ ಬೀಳುತ್ತಿವೆ. ಹದಿನೇಳು, ಹತ್ತೊಂಬತ್ತು, ಇಪ್ಪತ್ತು. ಮುರಿಯದ ಬೀಗವಿಲ್ಲ, ಹತ್ತದ ಗೋಡೆಯಿಲ್ಲ. ಕ್ಯಾಪ್ಟನ್ ಮೊದಲು ನಕ್ಕರು, ಆಮೇಲೆ ಗೊಣಗಿದರು. ಕೊನೆಗೆ ಮಾಸ್ಟರಮ್ಮನನ್ನು ಬಾಗಿಲ ಹತ್ತಿರ ನಿಲ್ಲಿಸಿ, "ನೀವು ನೋಡ್ತೀರೋ, ನಾನೇ ನೋಡ್ಕೊಳ್ಳಲೋ?" ಎಂದರು. ಉಪ್ಪುನೀರಿನ ಪರೀಕ್ಷೆಯನ್ನು ಹಿಂದೊಮ್ಮೆ ಇಡೀ ಮೇಜಿಗೆ ವಿವರಿಸಿದವರೂ ಅವರೇ.

ಕ್ಯಾಪ್ಟನ್ ಹೇಳದಿದ್ದರೂ ಮಾಸ್ಟರಮ್ಮ ನೋಡುತ್ತಿದ್ದರು. ನೋಡುವುದೇ ಅವರ ಬದುಕಾಗಿತ್ತು. ಆರು ವರ್ಷದ ಹಿಂದಿನವರೆಗೆ ಅವರು ಸಿದ್ಧ ಉಡುಪಿನ ಕಾರ್ಖಾನೆಯೊಂದರ ಗೇಟಿನಲ್ಲಿ ತಪಾಸಣೆಯವರು. ಪಾಳಿ ಬಿಟ್ಟಾಗ ಹೊರಡುವ ಹೆಂಗಸರ ಚೀಲ ಬಿಚ್ಚಿಸಿ, ಸೊಂಟ ತಡವಿ, ಒಳಗಿಂದ ಒಂದು ದಾರದುಂಡೆಯೂ ಹೊರಗೆ ಹೋಗದಂತೆ ನೋಡಿಕೊಳ್ಳುವುದು ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದರು. ಅಲ್ಲಿ ಅವರ ಜೊತೆ ಕೂತು ಊಟ ಮಾಡಿದವರು ಒಬ್ಬರೂ ಇಲ್ಲ. "ಬೈತಿದ್ರು ಅಂತಲ್ಲ. ನಾನು ಡಬ್ಬಿ ತೆಗೆದ್ರೆ ಪಕ್ಕದೋರಿಗೆ ಊಟ ಮುಗಿದಿರೋದು," ಎನ್ನುತ್ತಾರೆ.

ಕಾರ್ಖಾನೆ ಮುಚ್ಚಿದ ಮೇಲೆ ಈ ಅಂಗಡಿಗೆ ಕಸ ಗುಡಿಸಲು ಸೇರಿದರು. ಗುಡಿಸುತ್ತಾ ಆಟ ಕೇಳಿದರು. ಆಟ ನಡೆಸುವ ಹುಡುಗ ಕೈಕೊಟ್ಟ ಒಂದು ದಿನ, ಕಾದು ಕೂತವರನ್ನು ವಾಪಸು ಕಳಿಸಲಾಗದೆ ಮಾಲೀಕರು ತಲೆ ಕೆರೆದುಕೊಳ್ಳುತ್ತಿದ್ದಾಗ, ಪೊರಕೆ ಗೋಡೆಗೊರಗಿಸಿ, "ನಾನು ಹೇಳ್ಲಾ?" ಎಂದು ಕೇಳಿದರು. ಆ ದಿನ ಹೇಳಿದ ಕಥೆ ಎಡವಟ್ಟಾಗಿತ್ತಂತೆ. ಆದರೆ ಯಾರೂ ಎದ್ದು ಹೋಗಲಿಲ್ಲ. ಈಗ ವಾರಕ್ಕೆ ನಾಲ್ಕು ಮೇಜು ಅವರದೇ. ಮುಂದೆ ಮಡಚುವ ರಟ್ಟಿನ ಮರೆ. ಅದರ ಹಿಂದೆ ಅವರ ದಾಳ, ಅವರ ರಾಕ್ಷಸರು, ಅವರ ಗುಟ್ಟುಗಳು.

ಹೋದ ಭಾನುವಾರ ಕಾವಲುಗಾರರ ದಾಳ ಕುರ್ಚಿಯಡಿ ಉರುಳಿತ್ತು. ಮಾಸ್ಟರಮ್ಮನ ಕಣ್ಣಿಗೆ ಬಿತ್ತು. ಕೂಗಿ ಕರೆದು ಕೊಡಬಹುದಿತ್ತು. ಕೊಡದೆ ಕಾಲಲ್ಲಿ ಮುಚ್ಚಿಟ್ಟುಕೊಂಡರು.

ಈಗ ಆಟ ಶುರುವಾಗುವ ಹೊತ್ತು. ದಾಳವನ್ನು ಕಾವಲುಗಾರರ ಜಾಗದ ಮುಂದಿಟ್ಟು, ಮೇಜಿನ ನಡುವೆ ದೊಡ್ಡದೊಂದು ಗಾಜಿನ ಬೋಗುಣಿ ಇಡುತ್ತಾರೆ. ನಾಲ್ವರೂ ಆಕಳಿಸುತ್ತಾ ಬಂದು ಕೂರುತ್ತಾರೆ.

"ಇವತ್ತಿಂದ ಎಲ್ಲರೂ ಇದರಲ್ಲೇ ಹಾಕ್ಬೇಕು," ಎಂದು ಮಾಸ್ಟರಮ್ಮ ಹೇಳುತ್ತಾರೆ. "ಎಲ್ಲರಿಗೂ ಕಾಣೋ ಹಾಗೆ."

ಕ್ಯಾಪ್ಟನ್ ಗಂಟಲು ಸರಿ ಮಾಡಿಕೊಳ್ಳುತ್ತಾರೆ. ಕಾವಲುಗಾರರು ತಮ್ಮ ದಾಳ ಎತ್ತಿಕೊಂಡು ಹೆಬ್ಬೆರಳಲ್ಲಿ ಉಜ್ಜುತ್ತಾರೆ. ಕೆತ್ತಿದ ಅಂಕಿಗಳ ಸಂದಿಯಲ್ಲಿ ಬಿಳಿ ಪುಡಿ ಒಣಗಿದೆ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸುತ್ತಾರೆ. ಉಪ್ಪು. ಸರದಿ ಬಂದಾಗ ದಾಳವನ್ನು ಬೋಗುಣಿಗೆ ಹಾಕುತ್ತಾರೆ. ಟಣ್ ಟಣ್ ಎಂದು ಸುತ್ತಿ ನಿಲ್ಲುತ್ತದೆ. ಹತ್ತೊಂಬತ್ತು.

ಕಾವಲುಗಾರರು ದಾಳ ತೆಗೆದು ಜೇಬಿಗೆ ಹಾಕಿಕೊಂಡು ಏಳುತ್ತಾರೆ.

"ಕೇಳಿದ್ರೆ ನಾನೇ ಕೊಡ್ತಿದ್ದೆನಲ್ಲ, ಮಾಸ್ಟರಮ್ಮ. ನಿಮ್ಮ ಮುಂದೆ ನಾನೇ ಉಪ್ಪು ಕದಡ್ತಿದ್ದೆ."

ಅಷ್ಟೇ. ಷಟರ್ ಕೆಳಗೆ ತಲೆ ಬಗ್ಗಿಸಿ ಹೊರಗೆ ಹೋಗುತ್ತಾರೆ.

ಬೇರೆ ಯಾರಾದರೂ ಆಗಿದ್ದರೆ ಆಟ ಅಲ್ಲಿಗೇ ನಿಲ್ಲಿಸುತ್ತಿದ್ದರು. ಮಾಸ್ಟರಮ್ಮ ನಿಲ್ಲಿಸಲಿಲ್ಲ. ಮುಖ ಬಿಸಿಯಾಗಿತ್ತು. ನಿಲ್ಲಿಸಿದರೆ ತಪ್ಪು ಒಪ್ಪಿಕೊಂಡಂತೆ ಆಗುತ್ತದೆ ಎನ್ನಿಸಿತು. ಕಥೆಯಲ್ಲಿ ಯೋಧನಿಗೆ ಈಟಿ ತಗುಲಿ ನೆತ್ತರು ಹರಿಯುತ್ತಿತ್ತು. ಕ್ಯಾಪ್ಟನ್ ಎಂದಿನಂತೆ ಸಿಸ್ಟರ್ ಕಡೆ ಕೈ ಮಾಡಿ, "ಹ್ಞಾ, ವಾಸಿ ಮಾಡಿ, ಬೇಗ," ಎಂದರು.

ಸಿಸ್ಟರ್ ದಾಳ ಹಾಕುತ್ತಾರೆ. ಅದು ಇನ್ನೂ ಬೋಗುಣಿಯಲ್ಲಿ ಸುತ್ತುತ್ತಿರುವಾಗಲೇ ಅವರ ಬಾಯಿಂದ ಮಾತು ಬಿದ್ದುಹೋಗುತ್ತದೆ: "ಅಯ್ಯೋ, ಮೂರು."

ದಾಳ ನಿಲ್ಲುತ್ತದೆ. ಹದಿನೇಳು.

"ಮೂರೆಲ್ಲಿದೆ?" ಬೇಕರಿಯವರು ಬಗ್ಗಿ ನೋಡಿ ಕೇಳುತ್ತಾರೆ. ಅವರ ಪ್ರಶ್ನೆಯಲ್ಲಿ ಯಾವ ಕೊಂಕೂ ಇಲ್ಲ. ಸಿಸ್ಟರ್ ಮುಖ ಮಾತ್ರ ಸುಣ್ಣದ ಗೋಡೆಯಂತಾಗುತ್ತದೆ.

ಮಾಸ್ಟರಮ್ಮನಿಗೆ ಆಗ ನೆನಪಾಗುತ್ತದೆ: ಸಿಸ್ಟರ್ ಯಾವಾಗಲೂ ದಾಳ ಉರುಳಿಸುವುದು ತಮ್ಮ ಕೈಚೀಲದ ಮರೆಯಲ್ಲಿ. ಅವರು ಹೇಳುವ ಸಂಖ್ಯೆ ಯಾವಾಗಲೂ ಚಿಕ್ಕದು. ಪಾಪ, ಅದೃಷ್ಟ ಸರಿಯಿಲ್ಲ ಎಂದು ಎಲ್ಲರೂ ಮರುಗುತ್ತಿದ್ದರು. ಒಬ್ಬರೂ ಆ ಕಡೆ ಬಗ್ಗಿ ನೋಡಿರಲಿಲ್ಲ.

ಎಲ್ಲರಿಗೂ ಚಹಾ ಕುಡಿದು ಬರಲು ಹೇಳಿ, ಸಿಸ್ಟರನ್ನು ಬೇಸಿನ್ ಪಕ್ಕಕ್ಕೆ ಕರೆದೊಯ್ಯುತ್ತಾರೆ. ಗೇಟಿನ ದಿನಗಳ ದನಿಯೇ ಬಾಯಿಗೆ ಬರುತ್ತದೆ.

"ಎಷ್ಟು ದಿನದಿಂದ ನಡೀತಿದೆ ಇದು?"

"ಬೈಬೇಡಿ ಮಾಸ್ಟರಮ್ಮ." ಸಿಸ್ಟರ್ ನಲ್ಲಿ ತಿರುಗಿಸುತ್ತಾರೆ, ನಿಲ್ಲಿಸುತ್ತಾರೆ. "ನಾನು ಮೊದಲನೇ ದಿನ ಬಂದಾಗ ಕ್ಯಾಪ್ಟನ್ ಏನಂದ್ರು, ನೆನಪಿದೆಯಾ? 'ನೀವು ನರ್ಸು ತಾನೆ, ವೈದ್ಯೆ ಆಗ್ಬಿಡಿ' ಅಂದ್ರು. ನೀವೂ ಬರ್ಕೊಂಡ್ರಿ. ರಾತ್ರಿಯೆಲ್ಲ ಬೆಲ್ ಒತ್ತಿ ಒತ್ತಿ ಕರೀತಾರೆ. ಬೆಳಗ್ಗೆ ಇಲ್ಲಿ ಬಂದ್ರೆ ಇವರು ಕರೀತಾರೆ. ವಾಸಿ ಮಾಡಿ, ವಾಸಿ ಮಾಡಿ. ದಾಳ ಚಿಕ್ಕದು ಬಿದ್ರೆ ಮಾತ್ರ ಬಿಡ್ತಾರೆ."

"ಆಗಲ್ಲ ಅಂತ ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ?"

"ಹೇಳಕ್ಕೆ ಬರಲ್ಲ ನಂಗೆ. ನನ್ನ ಕೆಲಸದಲ್ಲಿ ಆ ಮಾತೇ ಇಲ್ಲ." ನಲ್ಲಿಯನ್ನು ಇನ್ನಷ್ಟು ಬಿಗಿಯಾಗಿ ತಿರುಗಿಸಿ, "ನಂಗೂ ಒಂದು ಸಲ ಬಾಗಿಲು ಒದೀಬೇಕು ಅಂತ ಆಸೆ," ಎನ್ನುತ್ತಾರೆ.

ಕಳ್ಳರ ಬಗ್ಗೆ ತಮಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಮಾಸ್ಟರಮ್ಮ ಅಂದುಕೊಂಡಿದ್ದರು. ಸೋಲಲೆಂದು ಸುಳ್ಳು ಹೇಳುವವರನ್ನು ಇದೇ ಮೊದಲು ಕಂಡದ್ದು.

ಕ್ಯಾಪ್ಟನ್ ಜೊತೆಗಿನ ಮಾತು ನಡೆದದ್ದು ಅಂಗಡಿಯ ಮುಂದೆ, ಅವರ ಟ್ಯಾಕ್ಸಿಗೆ ಒರಗಿಕೊಂಡು. ಇನ್ನು ಮೇಲೆ ಅವರು ತಮ್ಮ ಪಾತ್ರದ ಮಾತು ಬಿಟ್ಟು ಬೇರೆಯವರ ಸರದಿಯಲ್ಲಿ ಬಾಯಿ ಹಾಕುವಂತಿಲ್ಲ ಎಂದು ಮಾಸ್ಟರಮ್ಮ ಕಡ್ಡಿ ಮುರಿದಂತೆ ಹೇಳಿದರು. ಅವರು ಸಿಡುಕಿದರು. "ನಾನು ಹೇಳ್ದೆ ಇದ್ರೆ ಈ ಮೇಜಲ್ಲಿ ಏನಾದ್ರೂ ನಡೆಯುತ್ತಾ?" ಆಮೇಲೆ ಕನ್ನಡಿಯ ಮೇಲಿನ ಧೂಳನ್ನು ಬೆರಳಲ್ಲಿ ಒರೆಸುತ್ತಾ, "ರಾತ್ರಿಯೆಲ್ಲ ಎಡಕ್ಕೆ ಅಂದ್ರೆ ಎಡಕ್ಕೆ, ಬಲಕ್ಕೆ ಅಂದ್ರೆ ಬಲಕ್ಕೆ. ಇಲ್ಲಾದ್ರೂ ನನ್ನ ಮಾತು ನಡೀಲಿ ಅಂತ," ಎಂದರು. ಒಪ್ಪಿದೆ ಎಂದು ಹೇಳಲಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ.

ಮನೆಯಲ್ಲಿ ಮಾಸ್ಟರಮ್ಮನ ತಂಗಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅಕ್ಕತಂಗಿಯರದೇ ಸಂಸಾರ. ನಡೆದದ್ದೆಲ್ಲ ಕೇಳಿದ ಮೇಲೆ ತಂಗಿ ಬಾಯಲ್ಲಿದ್ದ ದಾರ ತುಂಡರಿಸಿ ಹೇಳಿದ್ದು ಇಷ್ಟು: "ಆ ಗೇಟು ಮುಚ್ಚಿ ಆರು ವರ್ಷ ಆಯ್ತು ಅಕ್ಕ. ನೀನೊಬ್ಬಳೇ ಇನ್ನೂ ಅಲ್ಲಿ ನಿಂತಿದೀಯ."

ಮಾಸ್ಟರಮ್ಮನಿಗೆ ಕೋಪ ಬಂತು. ತಂಗಿ ಯಾಕೆ ಹೀಗೆ ಹೇಳಿದಳು, ಯಾರು ಹೇಳಿಕೊಟ್ಟರು ಎಂದು ಅವಳ ಮೇಲೂ ಅನುಮಾನ ಬಂತು. ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ಸಂಜೆ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ವಸತಿ ಕಟ್ಟಡದ ಗೇಟಿನಲ್ಲಿ ಕಾವಲುಗಾರರು ಆಗತಾನೇ ಪಾಳಿಗೆ ಬಂದು ಟೋಪಿ ಸರಿಪಡಿಸಿಕೊಳ್ಳುತ್ತಿದ್ದರು. ಇವರನ್ನು ನೋಡಿದರು. ಗುರುತು ಸಿಕ್ಕಿದ್ದು ಮುಖದಲ್ಲೇ ಕಾಣುತ್ತಿತ್ತು. ಆದರೂ ಕೇಳಿದರು: "ಯಾರ ಮನೆಗೆ?"

"ನಿಮ್ಮನ್ನೇ ನೋಡಕ್ಕೆ ಬಂದೆ ಅಣ್ಣ."

"ಏನು ಕೆಲಸ?"

"ತಪ್ಪಾಯ್ತು ಅಂತ ಹೇಳೋ ಕೆಲಸ."

ಅವರು ಚಿಕ್ಕ ಗೇಟು ತೆರೆಯಲಿಲ್ಲ. ಒಳಗೆ ಬಂದ ಕಾರೊಂದರ ಡಿಕ್ಕಿ ತೆಗೆಸಿ ನೋಡಿ, ಮುಚ್ಚಿ, ಕಳಿಸಿ ಬಂದರು. ಮಾಸ್ಟರಮ್ಮ ಸರಳುಗಳ ಆಚೆ ಕಾದರು. ಗೇಟಿನ ಹೊರಗಡೆ ನಿಂತು ಕಾಯುವುದು ಹೇಗಿರುತ್ತದೆಂದು ಇಪ್ಪತ್ತು ವರ್ಷದಲ್ಲಿ ಅವರಿಗೆ ಗೊತ್ತಾಗಿರಲಿಲ್ಲ.

"ಇಲ್ಲಿ ನಂಗೆ ಎಲ್ಲರ ಮೇಲೂ ಅನುಮಾನ," ಎಂದರು ಕಾವಲುಗಾರರು. "ಇಲ್ಲಿರೋರಿಗೆ ನನ್ನ ಮೇಲೆ. ಏನಾದ್ರೂ ಕಳೆದ್ರೆ ಮೊದಲು ನನ್ನ ಚೀಲನೇ ನೋಡ್ತಾರೆ. ನಿಮ್ಮ ಮೇಜಲ್ಲಿ ಮಾತ್ರ ನಾನು ಕಳ್ಳ ಅಂದ್ರೆ ಎಲ್ಲರೂ ಚಪ್ಪಾಳೆ ತಟ್ಟೋರು."

ಕೊನೆಗೆ ಕಾವಲುಗಾರರು ಕೇಳಿದರು: "ನಾವೆಲ್ಲ ಬೋಗುಣಿಯಲ್ಲಿ ಹಾಕ್ಬೇಕು. ನೀವು ಯಾಕೆ ಮರೆಯಲ್ಲಿ ಹಾಕ್ತೀರಿ?"

ಮುಂದಿನ ಭಾನುವಾರ ರಟ್ಟಿನ ಮರೆ ಮೇಜಿನ ಮೇಲೆ ಇರಲಿಲ್ಲ. ಕಾವಲುಗಾರರೂ ಇರಲಿಲ್ಲ. ಅದರ ಮುಂದಿನ ವಾರ ಬಂದರು. ಬಾಗಿಲಲ್ಲೇ ನಿಂತು ಮೇಜು ನೋಡಿದರು, ಮರೆ ಇಲ್ಲದ್ದನ್ನು ಕಂಡು ಕುರ್ಚಿ ಎಳೆದುಕೊಂಡರು. ಆ ದಿನ ಅವರಿಗೆ ಬಿದ್ದದ್ದು ಬರೀ ಎರಡು, ಐದು. ಬೀಗ ಮುರಿಯದೆ ಸಿಕ್ಕಿಬಿದ್ದರು. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ.

ಕ್ಯಾಪ್ಟನ್ ಪೂರ್ತಿ ಬದಲಾಗಿಲ್ಲ. ಈಗಲೂ ಅರ್ಧ ವಾಕ್ಯ ಹೊರಗೆ ಬಂದಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಈ ವಾರ ಯೋಧನಿಗೆ ಮತ್ತೆ ಗಾಯ. ಮಾಸ್ಟರಮ್ಮ ಕೈ ಎತ್ತಿ ಅವರನ್ನು ತಡೆದು, ಸಿಸ್ಟರ್ ಕಡೆ ತಿರುಗುತ್ತಾರೆ. "ನೀವೇನು ಮಾಡ್ತೀರಿ?"

ಸಿಸ್ಟರ್ ನೀರು ಗುಟುಕರಿಸುತ್ತಾರೆ. ಮೇಜು ನೋಡುತ್ತಾರೆ. "ಅವರಿಗೆ ಒಂದು ಬಟ್ಟೆ ಎಸೀತೀನಿ, ಕಟ್ಕೊಳ್ಳಿ," ಎನ್ನುತ್ತಾರೆ. "ನಾನು ಆ ಬಾಗಿಲು ಒದೀತೀನಿ."

ದಾಳ ಬೋಗುಣಿಯಲ್ಲಿ ಸುತ್ತಿ ಒಂಬತ್ತಕ್ಕೆ ನಿಲ್ಲುತ್ತದೆ. ಬಾಗಿಲು ಮುರಿಯುವುದಿಲ್ಲ, ಕಾಲು ಉಳುಕುತ್ತದೆ. ಸಿಸ್ಟರ್ ಮುಖ ಮಾತ್ರ ಅರಳಿದೆ. "ಇನ್ನೊಂದು ಸಲ," ಎಂದು ಮುಂದಕ್ಕೆ ಬಗ್ಗುತ್ತಾರೆ.

ಅನುಮಾನ ಬಿಟ್ಟುಹೋಯಿತೇ ಎಂದು ಕೇಳಿದರೆ ಮಾಸ್ಟರಮ್ಮ ನಗುತ್ತಾರೆ. "ಎಲ್ಲಿ ಹೋಗುತ್ತೆ? ಮೈಗೆ ಅಂಟಿರೋದು. ಮುಂಚೆ ತಗೊಂಡು ಹೋಗೋರ ಮೇಲೆ ಮಾತ್ರ ಕಣ್ಣಿರೋದು. ಸುಮ್ನೆ ಬಿಟ್ಟುಕೊಡ್ತಾ ಹೋಗೋರನ್ನ ನೋಡ್ಲೇ ಇಲ್ಲ. ಈಗ ಅವರ ಮೇಲೇ ಜಾಸ್ತಿ ಅನುಮಾನ ನಂಗೆ."

ಆಟ ಮುಗಿದು ಎಲ್ಲರೂ ಏಳುತ್ತಿದ್ದಾರೆ. ಬೇಕರಿಯವರು ಎಂದಿನಂತೆ ಎಲ್ಲರ ಲೋಟಗಳನ್ನು ತಾವೇ ಒಟ್ಟು ಮಾಡಿ ತೊಳೆಯಲು ಒಯ್ಯುತ್ತಿದ್ದಾರೆ. ಇಷ್ಟು ದಿನದಲ್ಲಿ ಒಂದು ದೂರೂ ಹೇಳದ ಮನುಷ್ಯ. ಮಾಸ್ಟರಮ್ಮ ಅವರ ಕೈಯಿಂದ ಲೋಟಗಳನ್ನು ತೆಗೆದುಕೊಳ್ಳುತ್ತಾರೆ.

"ನಿಮಗೆ ಆಟ ಹೇಗನ್ನಿಸ್ತಿದೆ?"

"ಚೆನ್ನಾಗಿದೆ ಮಾಸ್ಟರಮ್ಮ. ನಂದೇನೂ ಇಲ್ಲ."

ಮಾಸ್ಟರಮ್ಮ ಕನ್ನಡಕದ ಮೇಲಿಂದ ಅವರನ್ನು ಒಂದು ಗಳಿಗೆ ದಿಟ್ಟಿಸುತ್ತಾರೆ. ಆಮೇಲೆ ಎರಡು ಕುರ್ಚಿಗಳನ್ನು ಎದುರುಬದುರು ಎಳೆಯುತ್ತಾರೆ.

"ಕೂತ್ಕೊಳ್ಳಿ," ಎನ್ನುತ್ತಾರೆ.