ಎರಡನೆಯ ಸಹಿ

ನಮ್ಮ ಟೀಮಿನಲ್ಲಿ ಇಲ್ಲಿದ್ದ ನಾಲ್ವರಲ್ಲಿ ಕನ್ನಡ ಬರುತ್ತಿದ್ದದ್ದು ಇಬ್ಬರಿಗೇ, ನನಗೆ ಮತ್ತು ಅವಳಿಗೆ. ನಾನು ಮೈಸೂರಿನವಳು, ಅವಳು ಗದಗಿನ ಮುಸ್ಲಿಮರ ಮನೆಯ ಹುಡುಗಿ. ಷಿಕಾಗೋ ಹೊರವಲಯದ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮುಗಳ ಸಾಫ್ಟ್‌ವೇರ್ ನೋಡಿಕೊಳ್ಳುವುದು ನಮ್ಮ ಕೆಲಸ. ಇನ್ನು ಏಳು ಜನ ಬೆಂಗಳೂರಿನಲ್ಲಿದ್ದರು. ನಾನು ಹೆಸರಿಗೆ ಟೀಮ್ ಲೀಡ್. ಯಾರನ್ನೂ ಸೇರಿಸಿಕೊಳ್ಳುವ, ತೆಗೆದುಹಾಕುವ ಅಧಿಕಾರ ನನಗಿರಲಿಲ್ಲ. ಇದನ್ನು ಈಗಲೂ ನನಗೆ ನಾನೇ ಆಗಾಗ ಹೇಳಿಕೊಳ್ಳುತ್ತಿರುತ್ತೇನೆ.

ಅವಳು ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಮೊದಲ ದಿನದಿಂದಲೇ ನನ್ನನ್ನು 'ಅಕ್ಕಾರ' ಎಂದು ಕರೆದಳು. ಅವಳ ಗಂಡನಿಗೆ ಇಲ್ಲಿ ಕೆಲಸ ಮಾಡುವ ಅನುಮತಿ ಇರಲಿಲ್ಲ, ಅವಳ ವೀಸಾದ ಮೇಲೆ ಬಂದಿದ್ದವನು. ಮಗಳು ಎರಡನೇ ಕ್ಲಾಸು. ಮನೆಗೆ ಇದ್ದದ್ದು ಒಂದೇ ಕಾರು. ಅವನಿಗೆ ಕಾರು ಬೇಕಾಗುತ್ತಿದ್ದ ಮಂಗಳವಾರ, ಗುರುವಾರ ನಾನು ಲೊಂಬಾರ್ಡಿನ ನನ್ನ ಮನೆಯಿಂದ ಹೊರಟು, ಗ್ಲೆಂಡೇಲ್ ಹೈಟ್ಸ್‌ಗೆ ಹೋಗಿ ಅವಳನ್ನು ಕರೆದುಕೊಂಡು ಆಫೀಸಿಗೆ ಹೋಗುತ್ತಿದ್ದೆ. ನನಗೆ ಅದು ಸುತ್ತು ದಾರಿ, ಆದರೂ ಆ ಎರಡು ದಿನಗಳಿಗಾಗಿ ಕಾಯುತ್ತಿದ್ದೆ. ಕಟಕ ರೊಟ್ಟಿಯನ್ನು ಪೇಪರ್ ಟವೆಲಿನಲ್ಲಿ ಸುತ್ತಿ ತರುತ್ತಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ ಒಂದೊಂದು ತುಂಡು ಮುರಿದು, ಶೇಂಗಾ ಚಟ್ನಿ ಅದ್ದಿ ನನ್ನ ಕೈಗಿಡುತ್ತಿದ್ದಳು.

ಆ ವರ್ಷ ರಂಜಾನ್ ಹಬ್ಬ ಶನಿವಾರ ಬಂತು. ವಾರಾಂತ್ಯದಲ್ಲಿ ಸಿಸ್ಟಂ ನಿಂತುಹೋದರೆ ನೋಡಲು ನಮ್ಮಲ್ಲಿ ಒಬ್ಬರು ಫೋನು, ಲ್ಯಾಪ್‌ಟಾಪು ಹತ್ತಿರವೇ ಇಟ್ಟುಕೊಂಡಿರಬೇಕಿತ್ತು. ಕರೆ ಬಂದ ಹದಿನೈದು ನಿಮಿಷದೊಳಗೆ ಕೆಲಸ ಶುರುವಾಗಬೇಕು. ಆ ಶನಿವಾರ ಅವಳ ಸರದಿ. ಸರದಿ ಬದಲಾಯಿಸಿಕೊಳ್ಳೋಣವೆಂದರೆ ಹಬ್ಬದ ದಿನ ಯಾವುದೆಂದು ಮುಂಚೆ ಖಚಿತವಾಗಿರಲಿಲ್ಲ, ಚಂದ್ರ ಕಂಡ ಮೇಲೆ ಕೇಳುವ ಹೊತ್ತಿಗೆ ಎಲ್ಲರಿಗೂ ಬೇರೆ ಬೇರೆ ಕಾರ್ಯಕ್ರಮಗಳಿದ್ದವು. ನನಗೂ. ನಮಾಜು ಮುಗಿಸಿ ಹೊರಗೆ ಬರುವಾಗ ಅವಳ ಫೋನು ಬಡಿದುಕೊಂಡಿತು. ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೆ, ಹೊಸ ಬಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾಲ್ಕು ಗಂಟೆ ಕೂತಳು. ಮಗಳು ಅರ್ಧ ಗಂಟೆಗೊಮ್ಮೆ ಬಂದು ಕಿಟಕಿ ತಟ್ಟಿ, "ಮಾಮ್, ಆರ್ ಯು ಡನ್ ಯೆಟ್?" ಅಂತ ಕೇಳುತ್ತಿದ್ದಳಂತೆ.

ಮಂಗಳವಾರ ಕಾರಿನಲ್ಲಿ ಇದನ್ನೆಲ್ಲ ಹೇಳಿದಾಗ ಅವಳಿಗೆ ಸಿಟ್ಟೇನೂ ಇರಲಿಲ್ಲ. ಆ ದಿನದ ಬದಲು ಒಂದು ದಿನ ರಜ ಕೊಡಿ ಎಂದು ಮ್ಯಾನೇಜರನ್ನು ಕೇಳಿದ್ದಳು. ನಾವೆಲ್ಲ ತಿಂಗಳ ಸಂಬಳದವರು, ನಮಗೆ ಗಂಟೆಯ ಲೆಕ್ಕವಿಲ್ಲ, ಹಾಗಾಗಿ ಬದಲಿ ರಜವೂ ಇಲ್ಲ ಎಂದು ಆತ ನಗುತ್ತಲೇ ಹೇಳಿದ್ದ. ಆಮೇಲೆ ಅವಳು ಒಂದು ಪತ್ರ ಬರೆದಳು. ವಾರಾಂತ್ಯ ದುಡಿದವರಿಗೆ ವಾರದಲ್ಲಿ ಒಂದು ದಿನ ಬಿಡುವು ಕೊಡಬೇಕು, ಸರದಿಯ ಪಟ್ಟಿಯನ್ನು ಒಂದು ತಿಂಗಳು ಮೊದಲೇ ತಿಳಿಸಬೇಕು. ಅಷ್ಟೇ ಇತ್ತು ಅದರಲ್ಲಿ.

"ಅಕ್ಕಾರ, ಒಂದ್ಸಲ ನೋಡ್ರಿ. ನನ್ನ ಇಂಗ್ಲಿಷು ಜಗಳ ಮಾಡಿದಂಗ ಕೇಳಸ್ತೈತಿ."

ನೋಡಿದೆ. ಎರಡು ವಾಕ್ಯ ಮೆತ್ತಗೆ ಮಾಡಿಕೊಟ್ಟೆ.

"ನಿಮ್ಮ ಹೆಸರು ಮೊದಲಿದ್ರ ಉಳಿದವರೂ ಹಾಕ್ತಾರ್ರಿ," ಅಂದಳು.

"ಹಾಕ್ತೀನಿ ಕಣೇ, ಅದಕ್ಕೇನಂತೆ," ಅಂದೆ. ಹೇಳುವಾಗ ನಿಜಕ್ಕೂ ಹಾಕುವವಳೇ ಆಗಿದ್ದೆ.

ಪತ್ರ ಶುಕ್ರವಾರ ಕಳಿಸುವುದೆಂದಾಗಿತ್ತು. ಗುರುವಾರ ಮಧ್ಯಾಹ್ನ ಮ್ಯಾನೇಜರ್ ನನ್ನನ್ನು ಕಾಫಿಗೆ ಕರೆದ. ಕೆಟ್ಟವನಲ್ಲ ಆತ. ನಮ್ಮಮ್ಮನ ಮಂಡಿ ಆಪರೇಷನ್ ನೆನಪಿಟ್ಟುಕೊಂಡು ಹೇಗಿದ್ದಾರೆ ಎಂದು ವಿಚಾರಿಸಿದ. ಟೀಮಿನ ಬೆಂಗಳೂರಿನ ಭಾಗ ದೊಡ್ಡದಾಗಲಿದೆ, ಎರಡೂ ಕಡೆ ನೋಡಿಕೊಳ್ಳಲು ಒಬ್ಬರು ಬೇಕಾಗುತ್ತದೆ, ನಿನ್ನ ಹೆಸರು ನನ್ನ ಮನಸ್ಸಿನಲ್ಲಿದೆ ಎಂದ. ಆಮೇಲೆ, ಈಚೆಗೆ ಕೆಲವರು ಸ್ವಲ್ಪ ತಕರಾರು ಮಾಡುತ್ತಿದ್ದಾರೆ, ನೀನು ಅಂಥವಳಲ್ಲ ಅಂತ ನನಗೆ ಗೊತ್ತು ಎಂದ. ಅಷ್ಟೇ. ಬೆದರಿಕೆ ಎನ್ನುವ ಹಾಗೆ ಒಂದು ಮಾತೂ ಇರಲಿಲ್ಲ.

ಮರುದಿನ ಅವಳ ಡೆಸ್ಕಿನ ಹತ್ತಿರ ಹೋಗಿ, "ಮನೇಲಿ ಇವರ ಹತ್ರ ಒಂದ್ಸಲ ಮಾತಾಡಿ ಹೇಳ್ತೀನಿ," ಅಂದೆ. ಅದು ಸುಳ್ಳು. ಹಿಂದಿನ ಸಂಜೆಯೇ ನನ್ನ ಗಂಡನಿಗೆ ಹೇಳಿದ್ದೆ, ಅವರು ಸಹಿ ಹಾಕು ಅಂದಿದ್ದರು. ನನಗೆ ವೀಸಾದ ಹೆದರಿಕೆಯೂ ಇರಲಿಲ್ಲ. ಹಿಂದಿನ ವರ್ಷವೇ ಗ್ರೀನ್ ಕಾರ್ಡ್ ಬಂದಿತ್ತು. ಅದಕ್ಕಾಗಿ ಕಾದ ಹನ್ನೊಂದು ವರ್ಷ ತಲೆ ತಗ್ಗಿಸಿಕೊಂಡಿದ್ದೆ. ಕಾರ್ಡು ಕೈಗೆ ಬಂದ ಮೇಲೂ ತಲೆ ಎತ್ತುವುದು ನನಗೆ ಬರಲಿಲ್ಲ.

"ಆಯ್ತ್ರಿ ಅಕ್ಕಾರ, ನೀವು ವಿಚಾರ ಮಾಡ್ರಿ. ನಾ ಕಳಸ್ತೀನಿ," ಅಂದಳು. ಕಳಿಸಿದಳು, ಅವಳ ಒಂದೇ ಹೆಸರಿನಲ್ಲಿ. ಸೋಮವಾರದ ಮೀಟಿಂಗಿನಲ್ಲಿ ಮ್ಯಾನೇಜರ್ ಪತ್ರವನ್ನು ಪ್ರಸ್ತಾಪಿಸಿ, ಬೇರೆ ಯಾರಿಗಾದರೂ ಹೀಗೆ ಅನಿಸುತ್ತಿದೆಯೇ ಎಂದು ಕೇಳಿದ. ನಾನು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಿರುವವಳ ಹಾಗೆ ಕೂತೆ. ಬೆಂಗಳೂರಿನ ಏಳು ಜನರಲ್ಲಿ ಯಾರೋ ಒಬ್ಬರ ಮೈಕ್ ಆನ್ ಆಯಿತು, ಹಿಂದೆ ಕುಕ್ಕರ್ ಕೂಗಿದ್ದು ಕೇಳಿಸಿತು, ಮತ್ತೆ ಆಫ್ ಆಯಿತು.

ನಾಲ್ಕು ತಿಂಗಳಾದ ಮೇಲೆ ಕೆಲಸದ ದೊಡ್ಡ ಪಾಲು ಬೆಂಗಳೂರಿಗೆ ಹೋಗುವುದೆಂದು ತೀರ್ಮಾನವಾಯಿತು. ಈ ಊರಿನ ನಮ್ಮವರ ಪಾರ್ಟಿಗಳಲ್ಲಿ ಇಪ್ಪತ್ತು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ನಾವು ಬಂದಾಗ ಇಲ್ಲಿಯವರ ಕೆಲಸ ಹೋಯಿತು ಎಂದು ಯಾರಾದರೂ ಅಂದರೆ, ಕಂಪನಿಗಳು ಇರುವುದೇ ಹಾಗೆ, ಅವರು ಹೊಸದು ಕಲಿಯಬೇಕಿತ್ತು ಎಂದು ನಾವು ಆರಾಮಾಗಿ ಹೇಳುತ್ತಿದ್ದೆವು. ಈಗ ಕೆಲಸ ನಮ್ಮ ಕೈಯಿಂದ ಬೆಂಗಳೂರಿಗೆ ಹೊರಟಾಗ ಅದೇ ಜನ, ಅದೇ ಪಕೋಡ ತಟ್ಟೆ ಹಿಡಿದುಕೊಂಡು, ಇದು ಅನ್ಯಾಯ ಅನ್ನುತ್ತಾರೆ. ನಾನೂ ಎರಡೂ ಮಾತು ಆಡಿದವಳೇ. ಬೆಂಗಳೂರಿನ ಹುಡುಗ ಹುಡುಗಿಯರ ಮೇಲೆ ನನಗೆ ಸಿಟ್ಟಿರಲಿಲ್ಲ. ನಮ್ಮ ವಾರಾಂತ್ಯಗಳೂ ಅವರ ಪಾಲಿಗೇ ಹೋಗುತ್ತವೆಂದು ನನಗೆ ಗೊತ್ತಿತ್ತು, ಆ ಕೆಲಸವನ್ನು ಅವರಿಗೆ ಕಲಿಸಿಕೊಟ್ಟವಳೂ ನಾನೇ.

ಇಲ್ಲಿಯ ನಾಲ್ವರು ಮೂವರಾಗಬೇಕಿತ್ತು. ಮ್ಯಾನೇಜರ್ ಒಂದು ಶೀಟ್ ಕಳಿಸಿ ತುಂಬಲು ಹೇಳಿದ. ಪ್ರತಿಯೊಬ್ಬರಿಗೂ ಐದಕ್ಕೆ ಎಷ್ಟು ಎಂದು ಹಾಕಬೇಕು. ಕೆಲಸದ ತಿಳಿವಳಿಕೆಗೆ ಅವಳಿಗೆ ಐದು ಹಾಕಿದೆ. ಸಿಸ್ಟಮ್ಮನ್ನು ಅವಳಷ್ಟು ಬಲ್ಲವರು ಯಾರೂ ಇರಲಿಲ್ಲ, ನಾನೂ ಇಲ್ಲ. ಕೊನೆಯ ಕಾಲಂ ಹೊಂದಿಕೊಂಡು ಹೋಗುವ ಗುಣದ್ದು. ಅಲ್ಲಿ ಐದು ಹಾಕಿದರೆ ಮ್ಯಾನೇಜರ್ ನನ್ನನ್ನೂ ಅವಳ ಜೊತೆ ಸೇರಿಸಿಬಿಡುತ್ತಾನೆ ಅನಿಸಿತು. ಎರಡು ಹಾಕಿದೆ. ಯಾರೂ ಹಾಗೆ ಹಾಕು ಅಂದಿರಲಿಲ್ಲ. ಹಬ್ಬದ ದಿನ ಕಾರಿನಲ್ಲಿ ಕೂತು ನಾಲ್ಕು ಗಂಟೆ ಕೆಲಸ ಮಾಡಿದವಳಿಗೆ, ಹೊಂದಿಕೊಂಡು ಹೋಗುವುದಿಲ್ಲ ಎಂದು ನಾನು, ನನ್ನ ಕೈಯಾರೆ ಬರೆದೆ.

ಎರಡು ವಾರದ ಮೇಲೆ, ಬೆಳಿಗ್ಗೆ ಹತ್ತು ಗಂಟೆಗೆ, ವಿಡಿಯೋ ಕಾಲಿನಲ್ಲಿ ಅವಳನ್ನು ತೆಗೆದರು. ಹನ್ನೆರಡು ನಿಮಿಷ ನಡೆಯಿತಂತೆ. ತಕ್ಷಣ ನನಗೇ ಫೋನ್ ಮಾಡಿದಳು.

"ನನ್ನ ತಗದಬಿಟ್ರು ಅಕ್ಕಾರ."

ನಾನು ಎದ್ದು ಬಾಗಿಲು ಹಾಕಿಕೊಂಡೆ. ಅವಳೇ ಅಂದಳು:

"ನೀವು ಹುಷಾರಾಗಿರ್ರಿ. ಇನ್ನೂ ಮಂದೀನ ತಗೀತಾರೋ ಏನೋ."

ವೀಸಾದವರಿಗೆ ಕೆಲಸ ಹೋದರೆ ಅರವತ್ತು ದಿನ ಗಡುವು. ಅಷ್ಟರೊಳಗೆ ಬೇರೆ ಕಂಪನಿ ಕಾಗದಪತ್ರ ಹಾಕಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಆ ಅರವತ್ತು ದಿನ ನಾನು ಅವಳಿಗಾಗಿ ಓಡಾಡಿದಷ್ಟು ನನ್ನ ಸ್ವಂತ ಕೆಲಸಕ್ಕೂ ಓಡಾಡಿಲ್ಲ. ಗೊತ್ತಿದ್ದವರಿಗೆಲ್ಲ ಅವಳ ರೆಸ್ಯೂಮೆ ಕಳಿಸಿದೆ. ರೆಫರೆನ್ಸ್ ಪತ್ರದಲ್ಲಿ, ಇಷ್ಟು ಹೊಂದಿಕೊಂಡು ಕೆಲಸ ಮಾಡುವವರನ್ನು ನಾನು ನೋಡಿಲ್ಲ ಎಂದು ಬರೆದೆ.

ಆ ದಿನಗಳಲ್ಲೇ ಒಂದು ಭಾನುವಾರ ಲೆಮಾಂಟ್ ದೇವಸ್ಥಾನಕ್ಕೆ ಹೋಗಿದ್ದೆ. ಕೆಳಗೆ ಕ್ಯಾಂಟೀನಿನಲ್ಲಿ ಪರಿಚಯದವರ ಮಗಳು ಎದುರಿಗೆ ದೋಸೆ ತಿನ್ನುತ್ತಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು, ಕಾರ್ಮಿಕರ ಕೇಸುಗಳನ್ನು ನೋಡುವ ಲಾಯರ್. ನಾನು ಯಾರದೋ ಕಥೆ ಎಂಬಂತೆ ಪತ್ರದ ವಿಷಯ ಹೇಳಿದೆ.

"ಆಂಟಿ, ಆ ಲೆಟರ್‌ಗೆ ಎಷ್ಟು ಜನ ಸೈನ್ ಮಾಡಿದ್ರು?" ಅಂದಳು.

"ಒಬ್ಬಳೇ."

"ಅಯ್ಯೋ. ಇಬ್ರು ಸೇರಿ ಕೇಳಿದ್ರೆ ಲಾ ಪ್ರೊಟೆಕ್ಟ್ ಮಾಡುತ್ತೆ, ಯೂನಿಯನ್ ಇಲ್ದಿದ್ರೂ. ಒಬ್ರೇ ತಮಗೋಸ್ಕರ ಕೇಳಿದ್ರೆ ತುಂಬ ಕಷ್ಟ. ಜಸ್ಟ್ ಒನ್ ಮೋರ್ ಪರ್ಸನ್ ಬೇಕಿತ್ತು."

ದೋಸೆ ಹಾಗೇ ಬಿಟ್ಟು ಕೈ ತೊಳೆಯಲು ಎದ್ದೆ. ಸಿಂಕಿನ ಮುಂದೆ ಬಹಳ ಹೊತ್ತು ನೀರು ಬಿಟ್ಟುಕೊಂಡು ನಿಂತಿದ್ದೆ. ಹಿಂದೆ ಸಾಲಿನಲ್ಲಿದ್ದವರು ಎಕ್ಸ್‌ಕ್ಯೂಸ್ ಮೀ ಅಂದಾಗಲೇ ಎಚ್ಚರವಾದದ್ದು.

ಐವತ್ತನಾಲ್ಕನೆಯ ದಿನ ಡೆಟ್ರಾಯ್ಟ್ ಕಡೆ ಒಂದು ಕೆಲಸ ಸಿಕ್ಕಿತು. ಕಾರಿನ ಬಿಡಿಭಾಗಗಳ ಕಂಪನಿ, ಆದರೆ ಕೆಲಸ ಮಧ್ಯವರ್ತಿ ಕನ್ಸಲ್ಟೆನ್ಸಿಯೊಂದರ ಮೂಲಕ. ಆರಾರು ತಿಂಗಳಿಗೆ ಕಾಂಟ್ರ್ಯಾಕ್ಟ್ ಹೊಸದಾಗಬೇಕು. ಮನೆ ಸಾಗಿಸುವ ದಿನ ಗಂಡ ಮಗಳು ತಮ್ಮ ಕಾರನ್ನು ಹಿಂದೆ ಕಟ್ಟಿಕೊಂಡು ಬಾಡಿಗೆ ಟ್ರಕ್ಕಿನಲ್ಲಿ ಹೊರಟರು, ಅವಳು ನನ್ನ ಕಾರಿನಲ್ಲಿ ಕೂತಳು. ಸುಮಾರು ಇನ್ನೂರೆಂಬತ್ತು ಮೈಲಿ. ಈ ದಾರಿಯಲ್ಲಿ ಎಲ್ಲ ಹೇಳಿಬಿಡಬೇಕು ಎಂದುಕೊಂಡೇ ಹೊರಟಿದ್ದೆ. ಇಂಡಿಯಾನಾ ದಾಟಿತು. ಮಿಷಿಗನ್ ಬಂತು. ಕಲಮಜೂ ಹತ್ತಿರ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ, ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದೆ: "ಅವತ್ತು ನಾನು ಸಹಿ ಹಾಕಬೇಕಿತ್ತು. ನಮ್ಮನೆಯವರು ಬೇಡ ಅಂದಿರಲಿಲ್ಲ. ನಾನೇ ಹೆದರಿದೆ."

"ಗೊತ್ತಿತ್ರಿ," ಅಂದಳು. "ನಿಮಗೂ ಮನಿ ಮಠ ಐತಿ. ಅದನ್ನ ಯಾಕ ಮನಸಿಗೆ ಹಚ್ಕೋತೀರಿ?" ಆಮೇಲೆ ರೊಟ್ಟಿಯ ಡಬ್ಬಿ ತೆರೆದಳು.

ಶೀಟಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಅವಳು ಕ್ಷಮಿಸಿದ್ದು ಎಷ್ಟು ಹಿತವಾಗಿತ್ತೆಂದರೆ, ಅದನ್ನು ಕೆಡಿಸಿಕೊಳ್ಳಲು ಮನಸ್ಸು ಬರಲಿಲ್ಲ. ಕಾರು ಸ್ಟಾರ್ಟ್ ಮಾಡಿದೆ.

ಒಂದು ವರ್ಷ ಫೋನಿನಲ್ಲಿ ಮಾತಾಡುತ್ತಲೇ ಇದ್ದೆವು. ಮುಂದಿನ ಚಳಿಗಾಲ ಆಫೀಸಿನ ಕೆಲಸದ ಮೇಲೆ ಡೆಟ್ರಾಯ್ಟಿಗೆ ಹೋದಾಗ ಹತ್ತಿರದ ಕ್ಯಾಂಟನ್‌ನಲ್ಲಿ ಅವಳ ಮನೆಗೆ ಊಟಕ್ಕೆ ಹೋದೆ. ಗಂಡ ಮಗಳನ್ನು ಈಜಿನ ಕ್ಲಾಸಿನಿಂದ ಕರೆತರಲು ಹೋಗಿದ್ದ. ಅವಳು ಒಲೆಯ ಮುಂದೆ ನಿಂತು ಪಕ್ಕದ ಮನೆಯವಳ ಕಥೆ ಹೇಳುತ್ತಿದ್ದಳು. ಕಾರ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಅಸೆಂಬ್ಲಿ ಲೈನಿನ ಮೇಲೆ ನಿಂತು ದುಡಿದ ಹೆಂಗಸು.

"ಮೊನ್ನೆ ಭಾನುವಾರ ನಾ ಲ್ಯಾಪ್‌ಟಾಪ್ ಹಿಡ್ಕೊಂಡು ಕುಂತಿದ್ದೆ. ಆಕಿ ಬಂದು, ಭಾನುವಾರನೂ ದುಡೀತೀಯಲ್ಲ, ನಿಮ್ಮ ಯೂನಿಯನ್‌ನವರು ಏನ್ ಮಾಡ್ತಾರ ಅಂತ ಕೇಳಿದ್ಲು. ನಮಗ ಯೂನಿಯನ್ ಇಲ್ಲ, ನಾವು ಸಾಫ್ಟ್‌ವೇರ್ ಮಂದಿ ಅಂದೆ. ಅದಕ್ಕೇನು, ನೀನೂ ಮುಂಜಾನೆ ಎದ್ದು ಇನ್ನೊಬ್ಬರ ಕೆಲಸಕ್ಕ ಹೋಗ್ತಿ ಅಲ್ಲ ಅಂದ್ಲು." ಹೇಳಿ ನಕ್ಕಳು.

ನನಗೆ ನಗು ಬರಲಿಲ್ಲ. "ನಿನ್ನನ್ನ ತೆಗೆದ್ರಲ್ಲ, ಆ ಲಿಸ್ಟಿಗೆ ಮಾರ್ಕ್ಸ್ ಹಾಕಿದ್ದು ನಾನು ಕಣೇ," ಅಂದೆ. ಕಾಲಮ್ಮಿನ ಹೆಸರು, ಹಾಕಿದ ಅಂಕಿ, ಯಾಕೆ ಹಾಕಿದೆ ಎಂಬುದು, ಲಾಯರ್ ಹುಡುಗಿ ಹೇಳಿದ್ದು, ಎಲ್ಲ ಹೇಳಿದೆ.

ಅವಳು ಒಲೆ ಸಣ್ಣ ಮಾಡಿದಳು. ಕುರ್ಚಿ ಎಳೆದುಕೊಂಡು ಕೂತಳು. ಆಮೇಲೆ ಕೇಳಿದಳು, "ಈಗ್ಯಾಕ ಹೇಳಾಕತ್ತೀರಿ?"

"ಇಟ್ಟುಕೊಳ್ಳೋಕೆ ಆಗಲಿಲ್ಲ."

"ಅಂದ್ರ ನಿಮಗ ಹಗುರ ಆಗ್ಲಿ ಅಂತ."

ನಾನು ತಲೆ ತಗ್ಗಿಸಿದೆ.

"ಅವತ್ತ ಕಾರಿನ್ಯಾಗ ಹೇಳಿದ್ರ ನಾ ಅಲ್ಲೇ ಇಳಿದು ಟ್ರಕ್ಕಿನ್ಯಾಗ ಕುಂದರ್ತಿದ್ದೆ," ಅಂದಳು. ದನಿ ಏರಿರಲಿಲ್ಲ. "ಸಹಿ ಮಾಡಲಿಲ್ಲ ಅಂದ್ರ ಹೆದರಿದ್ರಿ ಅಂತ ತಿಳಕೊಂಡಿದ್ದೆ. ಹೆದರಿಕಿ ನನಗೂ ಗೊತ್ತೈತಿ. ಆದ್ರ ಇದು ನನ್ನ ಹೆಸರಿನ ಮುಂದ ನೀವು ಕೈಯಾರೆ ಹಾಕಿದ ಅಂಕಿ." ಹೊರಗೆ ಕಾರಿನ ಸದ್ದಾಯಿತು. ಅವಳು ಎದ್ದಳು. "ಇವರಿಗೆ ಹೇಳಬ್ಯಾಡ್ರಿ. ನಿಮ್ಮನ್ನ ಭಾಳ ದೊಡ್ಡವರು ಅಂತ ತಿಳಕೊಂಡಾರ."

ಊಟ ಬಡಿಸಿದಳು. ನಾನು ಊಟ ಮಾಡಿದೆ. ಮಗಳು ಈಜಿನಲ್ಲಿ ಯಾವುದೋ ಲೆವೆಲ್ ಪಾಸಾಗಿದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಎಲ್ಲರೂ ಅವಳ ಕಡೆಗೇ ನೋಡುತ್ತಿದ್ದೆವು. ಹೊರಡುವಾಗ ಅವಳ ಗಂಡ ನನ್ನ ಕಾರಿನ ಗಾಜಿನ ಮೇಲಿನ ಮಂಜು ಕೆರೆದುಕೊಟ್ಟು, "ನಿಮ್ಮ ಉಪಕಾರ ಮರೆಯಂಗಿಲ್ರಿ ಅಕ್ಕಾರ," ಅಂದ. "ಅಯ್ಯೋ, ಅದರಲ್ಲೇನಿದೆ," ಅಂದು ಕಾರು ಹತ್ತಿದೆ. ಅವನ ಮುಂದೆ ಆ ಮಾತು ಎಷ್ಟು ಸಲೀಸಾಗಿ ಬಂತು ಎಂಬುದು ಆನ್ ಆರ್ಬರ್ ಊರು ದಾಟುವವರೆಗೂ ಕಾಡುತ್ತಿತ್ತು.

ಆಮೇಲೆ ಅವಳು ನನಗೆ ಫೋನ್ ಮಾಡಿಲ್ಲ. ಹಬ್ಬಕ್ಕೆ ಮೆಸೇಜ್ ಕಳಿಸಿದರೆ ಒಂದೆರಡು ದಿನ ಬಿಟ್ಟು ಉತ್ತರ ಬರುತ್ತದೆ, ನಿಮಗೂ ಶುಭಾಶಯ ಎಂದು. ನಾನು ಅದೇ ಕಂಪನಿಯಲ್ಲಿದ್ದೇನೆ. ಎರಡೂ ಕಡೆ ನೋಡಿಕೊಳ್ಳುವ ಹುದ್ದೆ ಬೆಂಗಳೂರಿನವರೊಬ್ಬರಿಗೆ ಹೋಯಿತು.

ಹೋದ ತಿಂಗಳು ಇಂಟರ್ನೆಟ್ಟಿನಲ್ಲಿ ಅವಳ ಪ್ರೊಫೈಲ್ ಕಣ್ಣಿಗೆ ಬಿತ್ತು. ಮಧ್ಯವರ್ತಿಯಿಲ್ಲದೆ, ನೇರವಾಗಿ ಆ ಬಿಡಿಭಾಗಗಳ ಕಂಪನಿಯಲ್ಲೇ ಪರ್ಮನೆಂಟ್ ಆಗಿದ್ದಾಳೆ. ಅಭಿನಂದನೆ ಬರೆಯಲು ಕೂತೆ. ಹೇಗೆ ಬರೆದರೂ ಅವಳ ಸಂತೋಷದಲ್ಲಿ ನಾನೂ ಪಾಲು ಕೇಳಿದ ಹಾಗೆ ಕಾಣುತ್ತಿತ್ತು. ಬರೆದದ್ದನ್ನೆಲ್ಲ ಅಳಿಸಿ, ಉಳಿದವರ ಹಾಗೆ ಅಲ್ಲಿದ್ದ ಲೈಕಿನ ಹೆಬ್ಬೆರಳಿನ ಗುರುತು ಒತ್ತಿ ಸುಮ್ಮನಾದೆ.