ಕೆಂಪಿಲ್ಲದ ಚಿತ್ರ

ಘಾನಾದ ಕುಮಾಸಿಯಲ್ಲಿ ಸೆರ್ವಾ ಹೊಟ್ಟೆಪಾಡಿಗೆ ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಅವಳ ಅಮ್ಮನ ಉತ್ತರ ಸಿದ್ಧ: “ಕಬ್ಬಿಣಕ್ಕೆ ಬಣ್ಣ ಹಾಕ್ತಾಳೆ. ಕೈಗೆ ಮಾತ್ರ ಒಂದು ಹನಿ ಅಂಟಲ್ಲ.”

ಪೂರ್ತಿ ಸುಳ್ಳಲ್ಲ. ಕಟ್ಟುವ ಮೊದಲೇ ಕಂಬ, ತೊಲೆಗಳನ್ನು ಕಂಪ್ಯೂಟರಿನೊಳಗೆ ನಿಲ್ಲಿಸಿ, ಮೇಲೆ ಜನರ ಭಾರ ಹೇರಿ, ಉಕ್ಕು ಎಲ್ಲೆಲ್ಲಿ ಎಷ್ಟು ನರಳುತ್ತದೆಂದು ಬಣ್ಣದಲ್ಲಿ ತೋರಿಸುವುದು ಅವಳ ಕೆಲಸ. ನೀಲಿಯೆಂದರೆ ಉಕ್ಕು ಕಾಲು ಚಾಚಿ ಕೂತಿದೆ, ಹಸಿರೆಂದರೆ ದುಡಿಯುತ್ತಿದೆ, ಕೆಂಪೆಂದರೆ ಏದುಸಿರು. ಯಾವ ಬಣ್ಣಕ್ಕೆ ಯಾವ ಅಂಕಿ ಎಂಬುದು ಪಕ್ಕದ ಪಟ್ಟಿಯಲ್ಲಿರುತ್ತದೆ. ಹದಿನೆಂಟು ವರ್ಷದಲ್ಲಿ ಸೆರ್ವಾ ಅಂಕಿ ನೋಡದೆ ಬಣ್ಣ ನಂಬಿದವಳಲ್ಲ. ಚರ್ಚಿನ ಕೆಲಸ ಬರುವವರೆಗೆ.

ಅವಳ ಚರ್ಚಿನಲ್ಲಿ ಗಾಯಕರಿಗೆಂದು ಉಕ್ಕಿನ ಅಟ್ಟಣಿಗೆ ಕಟ್ಟುವ ಯೋಚನೆ ಬಂದಾಗ ಲೆಕ್ಕ ಹಾಕಿದವಳು ಇವಳೇ. ಉಕ್ಕಿನೊಳಗಿನ ಒತ್ತಡ ನೂರ ಅರವತ್ತೈದರವರೆಗೆ ಇದ್ದರೆ ಭಯವಿಲ್ಲ. ಎಲ್ಲೂ ನೂರ ನಲವತ್ತು ದಾಟಿರಲಿಲ್ಲ. ಆದರೆ ಆ ಸಾಫ್ಟ್‌ವೇರಿಗೆ ಒಂದು ಚಾಳಿ: ಇದ್ದುದರಲ್ಲಿ ಅತಿ ಹೆಚ್ಚು ಯಾವುದೋ ಅದಕ್ಕೆ ಕೆಂಪು ಬಳಿಯುತ್ತದೆ, ಅಪಾಯವಿರಲಿ ಬಿಡಲಿ. ಕಟ್ಟಡ ಸಮಿತಿಯ ಹಿರಿಯ, ಎಲ್ಲರೂ ಗೌರವದಿಂದ ಓಪಾನಿನ್ ಎಂದು ಕರೆಯುವ ಬೋವಾದಿ, ಚಿತ್ರ ನೋಡಿ ಕನ್ನಡಕ ತೆಗೆದರು.

“ಏನಮ್ಮ ಇದು, ಸಾವಿಗೆ ಉಡೋ ಕೆಂಪು ಬಟ್ಟೆ ಹರವಿದ ಹಾಗಿದೆ? ಪ್ರತಿಷ್ಠೆಯ ದಿನ ಎಲ್ಲರೂ ಬಿಳಿ ಉಟ್ಟು ಬರ್ತಾರೆ, ನೀನು ಪರದೆ ಮೇಲೆ ಕೆಂಪು ತೋರಿಸ್ತೀಯಾ?”

“ಅದು ಬರೀ ಬಣ್ಣ, ಓಪಾನಿನ್.”

“ಬರೀ ಬಣ್ಣ ಅಂದ್ಮೇಲೆ ತೆಗೆಯೋಕೇನು ಕಷ್ಟ?”

ಉಕ್ಕಿನ ಒತ್ತಡ ಮಿತಿಯಲ್ಲಿತ್ತು. ಓಪಾನಿನ್ ಅವರ ಒತ್ತಡಕ್ಕೆ ಮಿತಿಯಿರಲಿಲ್ಲ. ಸೆರ್ವಾ ಬಣ್ಣದ ಪಟ್ಟಿಯ ತುದಿಗೆ ನಾನೂರು ಎಂದು ಬರೆದಳು, ಅಲ್ಲಿಯವರೆಗೆ ಏರಿದರಷ್ಟೇ ಕೆಂಪು. ಕೆಂಪು ಮಾಯವಾಗಿ ತೊಲೆಗಳೆಲ್ಲ ತಿಳಿನೀಲಿ, ತೆಳುಹಸಿರು. ಓಪಾನಿನ್ ಅವಳನ್ನು ಹೊಗಳಿ ಅಟ್ಟಕ್ಕೇರಿಸಿದರು, ಅಟ್ಟಣಿಗೆಯಿನ್ನೂ ಎದ್ದಿರಲಿಲ್ಲ. ಪ್ರತಿಸಲ ಬದಲಿಸುವ ಗೋಜು ಬೇಡವೆಂದು ಅವಳು ‘ಎಲ್ಲ ಚಿತ್ರಕ್ಕೂ ಹೀಗೇ’ ಎಂದು ಉಳಿಸಿಯೂ ಬಿಟ್ಟಳು. ವಾರ ಕಳೆದ ಮೇಲೆ, ಪಾದ್ರಿಗಳ ಮುಖಕ್ಕೆ ಅಡ್ಡ ಬರುತ್ತದೆಂದು ಸಮಿತಿ ನಕ್ಷೆಯಿಂದ ಒಂದು ಕಂಬ ತೆಗೆಸಿತು. ಸೆರ್ವಾ ಮತ್ತೆ ಲೆಕ್ಕ ಹಾಕಿದಳು. ಹಸಿರು ಬಂತು. ಸಹಿ ಹಾಕಿದಳು.

ಪ್ರತಿಷ್ಠೆಯ ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಚರ್ಚಿನಲ್ಲಿ ಕೂತಿದ್ದಳು. ಗೋಡೆಯ ದೊಡ್ಡ ಪರದೆಯ ಮೇಲೆ ಅಟ್ಟಣಿಗೆಯ ಚಿತ್ರವನ್ನು ತಿರುಗಿಸಿ ತೋರಿಸುವುದು ಅವಳಿಗೆ ವಹಿಸಿದ ಸೇವೆ. ಹನ್ನೆರಡು ಮಂದಿ ಗಾಯಕರು ಆಗಲೇ ಮೇಲೆ ಹತ್ತಿ ಹೆಜ್ಜೆ ಹಾಕುತ್ತ ತಾಳ ಕುದುರಿಸುತ್ತಿದ್ದರು. ಉಳಿದ ಮೂವತ್ತು ಮಂದಿ ಮೆಟ್ಟಿಲ ಬುಡದಲ್ಲಿದ್ದರು. ಅವರಲ್ಲಿ ಬಿಳಿ ಕಾಬಾ ರವಿಕೆ ತೊಟ್ಟಿದ್ದ ಅಮ್ಮ ಸಾಲು ಬಿಟ್ಟು ಮಗಳ ಮೇಜಿಗೆ ಬಂದಳು.

“ನನ್ನ ಜಾಗ ಎಲ್ಲಿ ತೋರಿಸೇ. ಮುಂದಿನ ಸಾಲು, ಬಲಗಡೆ ತುದಿ.”

“ನಿನ್ನ ಕಾಲಡಿ ಹುಲ್ಲುಗಾವಲೇ ಇದೆ ನೋಡು.” ಸೆರ್ವಾ ನಗುತ್ತ, ಅಲ್ಲಿ ತೊಲೆ ಕಂಬವನ್ನು ಕೂಡುವ ಜಾಗವನ್ನು ಒತ್ತಿದಳು. ಆ ಜಾಗದ ಅಂಕಿ ಪುಟ್ಟ ಚೌಕದಲ್ಲಿ ಎದ್ದು ಬಂತು.

ಇನ್ನೂರ ಮೂವತ್ತೊಂದು.

ನಗು ತುಟಿಯಲ್ಲೇ ಒಣಗಿತು. ಮತ್ತೊಮ್ಮೆ ಒತ್ತಿದಳು. ಅಂಕಿ ಕದಲಲಿಲ್ಲ. ಇನ್ನೂರೈವತ್ತಕ್ಕೆ ಆ ಉಕ್ಕು ಸೋಲುತ್ತದೆ. ಅದೂ ಅಲ್ಲದೆ ಇದು ಸುಮ್ಮನೆ ನಿಂತ ಜನರ ಲೆಕ್ಕ, ಕುಣಿಯುವ ಜನರದಲ್ಲ. ಮೇಲಿನಿಂದ ಹೆಜ್ಜೆಯ ಸದ್ದು ಬರುತ್ತಲೇ ಇತ್ತು: ಧಪ್, ಧಪ್.

“ಯಾಕೆ, ನನ್ನ ಭಾರ ಜಾಸ್ತಿಯಾಯ್ತಾ?” ಎಂದಳು ಅಮ್ಮ.

“ಅಮ್ಮಾ, ಇಲ್ಲೇ ಕೂತ್ಕೋ. ಏಳಬೇಡ.”

ಮೆಟ್ಟಿಲ ಬುಡದಲ್ಲಿ ನಿಂತಿದ್ದ ಓಪಾನಿನ್ ಬಳಿಗೆ ಅವಳು ಧಾವಿಸಿದಳು.

“ಓಪಾನಿನ್, ಯಾರೂ ಹತ್ತಬಾರದು. ಮೇಲಿರೋರು ಒಬ್ಬೊಬ್ಬರಾಗಿ ಇಳೀಲಿ. ಮೊದಲು ತಾಳ ನಿಲ್ಲಿಸಿ.”

“ತಮಾಷೆ ಮಾಡ್ತೀಯಾ? ಪರದೆ ತುಂಬಾ ಹಸಿರಿದೆ.”

“ಹಸಿರು ಮಾಡಿದ್ದು ನಾನು. ಕೆಂಪು ತೆಗಿ ಅಂದ್ರಿ, ತೆಗೆದೆ. ಆಮೇಲೆ ಕಂಬ ತೆಗೆದಾಗ ನಿಜವಾದ ಕೆಂಪು ಬಂತು. ನನ್ನ ಕಣ್ಣಿಗೂ ಕಾಣಲಿಲ್ಲ.”

“ನಾನು ಬಣ್ಣ ತೆಗಿ ಅಂದೆ ಮಗಳೇ. ಕಣ್ಣು ತೆಗಿ ಅಂದ್ನಾ?” ಅವರು ಗಡಿಯಾರ ನೋಡಿದರು. “ಪಾದ್ರಿಗಳು ಬರೋ ಹೊತ್ತು. ನಾಳೆ ನೋಡೋಣ.”

ಸೆರ್ವಾ ಮೇಜಿಗೆ ಓಡಿ ಪಟ್ಟಿಯ ತುದಿಯ ನಾನೂರನ್ನು ಅಳಿಸಿ ನೂರ ಅರವತ್ತೈದು ಎಂದು ಒತ್ತಿದಳು. ಬಿಳಿ ಉಟ್ಟು ಕೂತಿದ್ದ ಮುನ್ನೂರು ಜನರೆದುರು, ಗೋಡೆಯ ಮೇಲೆ, ಕಂಬದ ಮೂಲೆಯಿಂದ ಕೆಂಪು ಬಿಚ್ಚಿಕೊಂಡು ತೊಲೆಯುದ್ದಕ್ಕೂ ಹರಿಯಿತು.

ಓಪಾನಿನ್ ಕನ್ನಡಕ ಹಾಕಿಕೊಂಡರು. ಮೈಕು ತೆಗೆದುಕೊಂಡಾಗ ಅವರ ದನಿ ಮಲಗಿದ ಕೂಸನ್ನು ದಾಟಿ ಹೋಗುವವರ ಹೆಜ್ಜೆಯಷ್ಟು ಮೆಲ್ಲಗಿತ್ತು. “ಮೇಲಿರೋ ಮಕ್ಕಳೇ, ಹಾಡು ಸಾಕು. ಕುಣೀಬೇಡಿ. ಒಬ್ಬೊಬ್ಬರಾಗಿ, ನಿಧಾನಕ್ಕೆ ಬನ್ನಿ.”

ಸೆರ್ವಾ ಎಣಿಸಿದಳು. ಏಳನೆಯವನು ಮೆಟ್ಟಿಲಿಗೆ ಕಾಲಿಟ್ಟಾಗ ಮೇಲೆ ಎಲ್ಲೋ ಉಕ್ಕು ಟಣ್ ಎಂದಿತು. ಅವನು ನಿಂತ. ಅವನ ಹಿಂದಿನ ಐವರೂ ನಿಂತರು. ಅವಳ ಎಣಿಕೆಯೂ ನಿಂತಿತು. ಆಮೇಲೆ ಎಂಟು, ಒಂಬತ್ತು... ಹನ್ನೆರಡು.

ಅಂದು ಗಾಯಕರು ಕೆಳಗೇ ನಿಂತು ಹಾಡಿದರು. ಅಮ್ಮ ಮಾತ್ರ ಮೇಜು ಬಿಡದೆ ಮಗಳ ಕೈ ಹಿಡಿದು ಕೂತಿದ್ದಳು.

“ಆ ಕೆಂಪನ್ನ ಊರೆಲ್ಲ ಉಡಬೇಕಾಗ್ತಿತ್ತು. ತಪ್ಪಿಸಿದೆ. ಇನ್ನೂ ಏನು ನೋಡ್ತೀಯೇ?”

ಸೆರ್ವಾ ಲ್ಯಾಪ್‌ಟಾಪ್ ಹತ್ತಿರಕ್ಕೆ ಎಳೆದುಕೊಂಡಳು. ‘ಎಲ್ಲ ಚಿತ್ರಕ್ಕೂ ಹೀಗೇ’ ಎಂದು ಉಳಿಸಿದ ಮೇಲೆ ಅವಳ ಸಹಿಯೊಂದಿಗೆ ಇನ್ನೂ ನಾಲ್ಕು ಕೆಲಸ ಹೊರಗೆ ಹೋಗಿದ್ದವು. ಮೊದಲನೆಯದನ್ನು ತೆರೆದಳು: ಶಾಲೆಯೊಂದರ ಅಂಗಳದಲ್ಲಿ, ಮಕ್ಕಳು ಸಾಲು ನಿಲ್ಲುವ ಕಡೆ, ನೀರಿನ ಟ್ಯಾಂಕು ಹೊತ್ತ ಕಬ್ಬಿಣದ ಕಾಲುಗಳು. ಪಟ್ಟಿಯ ತುದಿಯಲ್ಲಿ ನಾನೂರು. ಚಿತ್ರವೆಲ್ಲ ಹಸಿರು.

ಅಮ್ಮನ ಕೈಯಿಂದ ಬೆರಳು ಬಿಡಿಸಿಕೊಂಡು ಅವಳು ಅಂಕಿ ಅಳಿಸತೊಡಗಿದಳು.