ಬರಿಗಾಲಿಗೆ ಸಿಕ್ಕಿದ ಚರ್ಚಿನ ನೆಲ

ಎಲ್ಲರಿಗೂ ಸಿಟ್ಟು ನೆತ್ತಿಗೇರುತ್ತದಂತೆ. ನನಗೆ ಮೊದಲು ಅಂಗಾಲಿಗೆ ಬರುತ್ತದೆ. ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಇಟ್ಟರೆ ಸಾಕು, ಆ ನೆಲ ಹಾಕಿದವನು ಪುಣ್ಯಾತ್ಮನೋ ಪಾಪಿಯೋ ಗೊತ್ತಾಗಿಬಿಡುತ್ತದೆ. ಪಾಪಿಯಾಗಿದ್ದರೆ ಆ ಮನೆಯ ಕಾಫಿಯೂ ನನಗೆ ಕಹಿ.

ನೆಲ ಹಾಕುವುದು ನನ್ನ ಕಸುಬು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಬೆಂಗಳೂರಿನಲ್ಲಿ ರೆಡ್‌ಆಕ್ಸೈಡ್ ನೆಲ ಉಜ್ಜುತ್ತಾ ಕಲಿತವನು. ಎಂಬತ್ತೆಂಟರಲ್ಲಿ, ನರ್ಸ್ ಆಗಿರುವ ಹೆಂಡತಿ ಶಾರದಳ ಬೆನ್ನಿಗೆ ಸಿಡ್ನಿಗೆ ಬಂದಮೇಲೆ ಟೈಲ್ಸ್ ಹಿಡಿದೆ. ಇಲ್ಲಿಯ ಕನ್ನಡ ಕೂಟಗಳಲ್ಲಿ ಯಾವ ಫೀಲ್ಡು ಎಂದು ಕೇಳುತ್ತಾರೆ. ನೆಲ ಹಾಕುತ್ತೇನೆ ಅಂದರೆ, "ಓ, ಫ್ಲೋರಿಂಗ್ ಬಿಸಿನೆಸ್ಸಾ?" ಎಂದು ತಾವೇ ನನಗೊಂದು ಪ್ರಮೋಷನ್ ಕೊಟ್ಟು ಪಕ್ಕದ ಡಾಕ್ಟರ ಕಡೆ ತಿರುಗುತ್ತಾರೆ. ನಿಂತಿರುವುದು ಮಾತ್ರ ನನ್ನಂಥವನೊಬ್ಬ ಮಂಡಿ ಸವೆಸಿ ಹಾಕಿದ ನೆಲದ ಮೇಲೆ.

ಅವರ ಮೇಲಿನದು ಚಿಲ್ಲರೆ ಸಿಟ್ಟು. ನಿಜವಾದ ಸಿಟ್ಟು ನಮ್ಮ ಫೋರ್‌ಮನ್ ಹೆಂಕ್ ಮೇಲೆ. ಅವನು ಹಾಲೆಂಡಿನವನು, ಚಿಕ್ಕಂದಿನಲ್ಲೇ ಅಪ್ಪ ಅಮ್ಮನ ಜೊತೆ ಹಡಗು ಹತ್ತಿ ಬಂದವನು. ಅವನ ಊರಿನ ಸಂತೆ ಚೌಕದಲ್ಲಿ ಒಂದು ಹಳೆಯ ಚರ್ಚು ಇದೆಯಂತೆ. ನೂರಾರು ವರ್ಷವಾದರೂ ಅದರ ನೆಲದ ಒಂದು ಕಲ್ಲೂ ಅಲುಗಿಲ್ಲ ಎನ್ನುವುದು ಅವನ ದಿನನಿತ್ಯದ ಸುಪ್ರಭಾತ. ಸಿಡ್ನಿಯ ಗಿರಾವೀನ್ ಬಡಾವಣೆಯ ಒಂದು ಮನೆಯಲ್ಲಿ ನಾನು ಹಾಕಿದ ಅಡುಗೆಮನೆಯ ನೆಲದ ಮೇಲೆ ರಸಮಟ್ಟ ಇಟ್ಟು, ಅದರ ಗಾಜಿನೊಳಗಿನ ಗುಳ್ಳೆ ಒಂದು ಕೂದಲೆಳೆ ಸರಿಯಿತೆಂದು, ಮನೆಯವರ ಎದುರಿಗೇ ಪೂರ್ತಿ ಕೀಳಿಸಿದ. ಇಡೀ ಮನೆಯ ನೆಲ ನೀನೊಬ್ಬನೇ ಹಾಕಬೇಕೆಂದರೆ ಮೊದಲು ನಮ್ಮ ಚರ್ಚು ನೋಡಿಕೊಂಡು ಬಾ ಎಂದ. ಎರಡು ವರ್ಷದಿಂದ ನಾನು ಬೇಡುತ್ತಿದ್ದದ್ದು ಅದೊಂದೇ. ಹೊಸ್ತಿಲಿಂದ ಹಿತ್ತಲವರೆಗೆ ನನ್ನ ಕೈಯದ್ದೇ ಎನ್ನುವಂಥ ಒಂದು ಮನೆ. ಕಣ್ಣಲ್ಲಿ ಕಾಣದ ಒಂದು ಚರ್ಚು ಅದಕ್ಕೆ ಅಡ್ಡ ಮಲಗಿತ್ತು.

ಮೆಲ್ಬರ್ನ್‌ನಲ್ಲಿ ಡಾಕ್ಟರಾಗಿರುವ ಶಾರದಳ ತಮ್ಮ ಸುಧಾಕರನಿಗೆ ಹಾಲೆಂಡಿನಲ್ಲೊಂದು ಕಾನ್ಫರೆನ್ಸ್ ಬಂತು. ಅಕ್ಕ ಭಾವ ನೀವೂ ಬನ್ನಿ ಎಂದು ಕರೆದು, ಟ್ಯೂಲಿಪ್ಪು, ವಿಂಡ್‌ಮಿಲ್ಲು ಎಂದು ಉದ್ದದ ಪಟ್ಟಿ ಓದಿದ. ನನ್ನ ಪಟ್ಟಿಯಲ್ಲಿದ್ದದ್ದು ಹೆಂಕನ ಊರು ಮಾತ್ರ.

ನಾವು ಅಲ್ಲಿಗೆ ಹೋದ ದಿನ ಚೌಕದಲ್ಲಿ ಸಂತೆ. ಒಂದು ಸಾಲು ಹೂವು, ಒಂದು ಸಾಲು ಮೀನು, ಬಂಡಿಯ ಚಕ್ರದಂಥ ಚೀಸು. ಅರ್ಥವಾಗದಿದ್ದರೂ ಕೂಗು ನಮ್ಮ ಸಂತೆಯದ್ದೇ. ನಡುವೆ ಇಟ್ಟಿಗೆಯ ಚರ್ಚು, ಸಂತೆಗೆ ಬಂದು ಏನೂ ಕೊಳ್ಳದೆ ಎಲ್ಲರ ಮೇಲೂ ಕಣ್ಣಿಟ್ಟು ನಿಂತ ಹಿರಿಯರ ಹಾಗೆ. ಹೆಬ್ಬಾಗಿಲ ಬಳಿ ನಾನು ಶೂ ಕಳಚಿ, ಸಾಕ್ಸನ್ನು ಅದರೊಳಗೆ ತುರುಕಿ, ಗೋಡೆಗೆ ಒರಗಿಸಿಟ್ಟೆ. ದೇವರಿರುವ ಜಾಗ ಅಂದಮೇಲೆ ಕೈ ತಾನಾಗಿ ಲೇಸಿಗೆ ಹೋಗುತ್ತದೆ.

"ಭಾವ, ಇಲ್ಯಾರೂ ಶೂ ಬಿಡಲ್ಲ. ಎಲ್ಲಾ ನೋಡ್ತಿದಾರೆ, ಪ್ಲೀಸ್ ಹಾಕ್ಕೊಳ್ಳಿ," ಎಂದು ಸುಧಾಕರ ಪಿಸುಗುಟ್ಟಿದ.

"ಬಿಡೋ, ನಿಮ್ ಭಾವ ನಿನ್ ಕ್ಲಿನಿಕ್ಕಿಗೂ ಬರಿಗಾಲಲ್ಲೇ ಬರೋದು," ಎಂದಳು ಶಾರದ.

ಒಳಗೆ ನೆಲವೆಂದರೆ ಬರೀ ಸಮಾಧಿ ಕಲ್ಲುಗಳು. ಊರಿನ ದೊಡ್ಡ ಕುಳಗಳನ್ನೆಲ್ಲ ಅಲ್ಲೇ ಹೂತು ಮೇಲೆ ಚಪ್ಪಡಿ ಹಾಸಿದ್ದಾರೆ ಎಂದು ಸುಧಾಕರ ಗೈಡ್‌ಬುಕ್ ನೋಡಿ ಹೇಳಿದ. ನಮ್ಮ ಕಡೆಯ ಕೆಲವು ದೇವಸ್ಥಾನಗಳಲ್ಲಿ ಬಾಗಿಲ ಮುಂದಿನ ಕಲ್ಲಿನ ಮೇಲೆ ಉದ್ದಂಡ ಬಿದ್ದ ಭಕ್ತನನ್ನು ಗೆರೆಯಲ್ಲಿ ಕೆತ್ತಿರುತ್ತಾರೆ, ಬರುವವರ ಪಾದಧೂಳಿ ತನ್ನ ಮೇಲೆ ಬೀಳಲಿ ಎಂದು. ಅಲ್ಲಿ ಬರೀ ಗೆರೆ, ಇಲ್ಲಿ ಅಡಿಯಲ್ಲಿ ಆಸಾಮಿಯೇ ಇದ್ದಾನೆ. ಬದುಕಿದ್ದಾಗ ಯಾರಿಗೂ ತಲೆ ಬಾಗಿಸದವರೆಲ್ಲ ಸತ್ತಮೇಲೆ ಸಂತೆಗೆ ಬಂದವರಿಂದ ತುಳಿಸಿಕೊಳ್ಳುತ್ತಿದ್ದಾರೆ. ಇದೊಂದು ಏರ್ಪಾಟು ನನಗೆ ಹಿಡಿಸಿತು.

ನಾಲ್ಕನೇ ಹೆಜ್ಜೆಗೆ ಅಂಗಾಲು ಇಳಿಜಾರು ಎಂದಿತು. ಐದನೆಯದಕ್ಕೆ ಏರು ಎಂದಿತು. ಒಂದು ಕಲ್ಲು ಹೆಬ್ಬೆರಳಿನಷ್ಟು ಕುಸಿದಿದೆ, ಅದರ ಪಕ್ಕದ್ದು ಮೂಗೆತ್ತಿದೆ. ಖಾತ್ರಿ ಮಾಡಿಕೊಳ್ಳಲು ಉದ್ದಕ್ಕೆ ಮಲಗಿ, ಕೆನ್ನೆ ಕಲ್ಲಿಗೊತ್ತಿ, ಒಂದು ಕಣ್ಣು ಮುಚ್ಚಿ ನೋಡಿದೆ. ಕಿಟಕಿಯ ಬೆಳಕು ನೆಲದ ಮೇಲೆ ಗಾಳಿ ಬಿದ್ದ ಕೆರೆಯ ನೀರಿನಂತೆ ಮುರಿದಿತ್ತು. ಈ ನೆಲಕ್ಕಾಗಿಯೇ ಹೆಂಕ್ ನನ್ನ ಮಾನ ಕಳೆದನೇ ಎಂದು ಮೈಯೆಲ್ಲ ಉರಿಯಿತು. ಬಾಗಿಲ ಬಳಿ ಕೂತಿದ್ದ ಮುದುಕಿಯೊಬ್ಬಳು ನನ್ನ ಭಕ್ತಿಗೆ ಕರಗಿ, ಹತ್ತಿರ ಬಂದು ಕೈ ಜೋಡಿಸಿ ನಿಂತಳು. ಸುಧಾಕರ ದೂರದ ಕಂಬವೊಂದನ್ನು ಪರೀಕ್ಷೆಗೆ ಓದುವವನಂತೆ ಓದುತ್ತಿದ್ದ. ನನ್ನ ಬಾಯಲ್ಲಿದ್ದದ್ದು ಮಂತ್ರವಲ್ಲ. ಹೆಂಕನ ಮೂರು ತಲೆಮಾರಿನವರನ್ನು ಬಯ್ಯುತ್ತಿದ್ದೆ. ಅವರಲ್ಲಿ ಒಬ್ಬಿಬ್ಬರು ಅಲ್ಲೇ ಅಡಿಯಲ್ಲಿ ಕೇಳಿಸಿಕೊಂಡಿರಲೂಬಹುದು.

ವಾಪಸ್ಸು ಬರುವಾಗ ವಿಮಾನದಲ್ಲಿ ಬೈಗುಳವನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಬಾಯಿಪಾಠ ಮಾಡಿದೆ. ಸೋಮವಾರ ಎಲ್ಲ ಕೆಲಸಗಾರರ ಎದುರಿಗೆ ಒಪ್ಪಿಸಿದೆ. ನಿನ್ನ ಚರ್ಚಿನ ನೆಲ ನೆಲವಲ್ಲ, ಸಮುದ್ರ. ನೀನು ಸುಳ್ಳುಗಾರ. ಇನ್ನು ನನಗೆ ಮನೆ ಕೊಡು, ಇಲ್ಲದಿದ್ದರೆ ಇವತ್ತೇ ಕೆಲಸ ಬಿಡುತ್ತೇನೆ.

ಹೆಂಕ್ ತಣ್ಣಗೆ ಚಹಾ ಮುಗಿಸಿದ. ಅವನು ಅಂದದ್ದನ್ನು ಕನ್ನಡ ಮಾಡಿದರೆ ಹೀಗಾಗುತ್ತದೆ: "ಕೆಳಗೆ ಹೆಣ ಇದಾವಪ್ಪ. ಪೆಟ್ಟಿಗೆ ಕೊಳೆತರೆ ಕಲ್ಲು ಕೂರುತ್ತೆ, ಅದು ಹಾಕಿದವನ ತಪ್ಪಲ್ಲ. ಆ ಅಡುಗೆಮನೇಲಿ ನೀನು ಯಾರನ್ನ ಹೂತಿದ್ದೆ?"

ಎಲ್ಲರೂ ನಕ್ಕರು. ಹೂತದ್ದು ಏನೆಂದು ನನಗೆ ಗೊತ್ತಿತ್ತು. ಬೇಗ ಮುಗಿಸಿ ತೋರಿಸಬೇಕೆಂಬ ಚಪಲಕ್ಕೆ, ತಳಕ್ಕೆ ಹಾಸಿದ ಗಾರೆ ಬಿಗಿಯುವ ಮೊದಲೇ ಟೈಲ್ಸ್ ಕೂರಿಸಿಬಿಟ್ಟಿದ್ದೆ. ಕೀಳುವಾಗ ಅಡಿಯಲ್ಲಿ ಅದು ಇನ್ನೂ ಹಸಿಯಾಗಿತ್ತು. ಅದನ್ನು ನಾನೂ ನೋಡಿದ್ದೆ, ಅವನೂ ನೋಡಿದ್ದ.

ಅವತ್ತು ಕೆಲಸ ಬಿಡಲಿಲ್ಲ. ಹೆಂಕ್ ಆರು ತಿಂಗಳು ಸತಾಯಿಸಿ ಕೊನೆಗೊಂದು ಮನೆಯ ಬೀಗದ ಕೈ ನನ್ನ ಅಂಗೈಗೆ ಹಾಕಿದ. ಆದರೂ ಒಂದು ಕಲ್ಲೂ ಅಲುಗಿಲ್ಲ ಎಂದು ಅಷ್ಟು ವರ್ಷ ಸುಳ್ಳು ಹೇಳಿದ್ದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಉದ್ದೇಶವೂ ಇಲ್ಲ. ಈಗ ಗಾರೆ ಹಾಸಿದಮೇಲೆ ಗಡಿಯಾರ ನೋಡುವುದಿಲ್ಲ. ಬಕೆಟ್ಟು ಬೋರಲು ಹಾಕಿ ಕೂತು, ಅವನನ್ನು ಮೊದಲಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಬಯ್ಯುತ್ತೇನೆ. ಬೈಗುಳ ಮುಗಿಯುವ ಹೊತ್ತಿಗೆ ಗಾರೆ ಸರಿಯಾಗಿ ಬಿಗಿದಿರುತ್ತದೆ.